ಹುದೈಬಿಯಾದಿಂದ ಮರಳಿದವರು
(ಜುಮಾ ಖುತ್ಬಾದ ಸಾರಾಂಶ)



2022ರ ಎಪ್ರಿಲ್ ತಿಂಗಳು, ರಮಝಾನಿನ ದಿನಗಳು. ಇಚಿಲಂಪಾಡಿಯ ನಮ್ಮ ಮಸೀದಿಯಲ್ಲಿ ಅಸರ್ ನಮಾಝ್ ಮುಗಿದು ಜನರೆಲ್ಲ ಮನೆಗೆ ಹೊರಟಿದ್ದರು. ಜಮಾಅತಿನ ಹಿರಿಯರೊಬ್ಬರು ಮಾತ್ರ ಕಂಬಕ್ಕೆ ಒರಗಿ ಕುಳಿತಿದ್ದರು. ನಾನು ಹತ್ತಿರ ಹೋದೆ.

"ಉಸ್ತಾದೇ, 65 ದಾಟಿದವರಿಗೆ ಈ ಸಲ ಹಜ್ಜಿಗೆ ಬಿಡುವುದಿಲ್ಲವಂತೆ, ಹೌದಾ?" ಎಂದು ಕೇಳಿದರು.

"ಹೌದು ಕಾಕ, ಸೌದಿಯಿಂದ ಹಾಗೆ ಪ್ರಕಟಣೆ ಬಂದಿದೆ" ಎಂದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: "ಮೂರು ಸಲ ಹೊರಟೆ, ಮೂರು ಸಲವೂ ಬಾಗಿಲು ಮುಚ್ಚಿತು. ಅಲ್ಲಾಹನಿಗೆ ನಾನು ಬೇಡವಾದೆನಾ ಉಸ್ತಾದೇ?"

ಆ ದಿನ ನನ್ನಲ್ಲಿ ಉತ್ತರ ಇರಲಿಲ್ಲ. ಈ ಲೇಖನ ಆ ಪ್ರಶ್ನೆಗೆ ನಾನು ಕೊಡಬೇಕಾಗಿದ್ದ ಉತ್ತರ.

2020ರ ಆರಂಭದಲ್ಲಿ ಹಜ್ ಸಮಿತಿಯ ಚೀಟಿ ಎತ್ತಿದಾಗ ಅವರ ಹೆಸರೂ ಅವರ ಪತ್ನಿಯ ಹೆಸರೂ ಬಂದಿತ್ತು. ಅಡಿಕೆ ಮಾರಿ ವರ್ಷಗಟ್ಟಲೆ ಕೂಡಿಟ್ಟ ಹಣ. ಇಬ್ಬರೂ ನಮ್ಮಲ್ಲಿಯ ರೂಢಿಯಂತೆ ಸಂಬಂಧಿಕರ ಮನೆಗಳಿಗೆ ಹೋಗಿ, ತಪ್ಪಾಗಿದ್ದರೆ ಕ್ಷಮಿಸಿ ಎಂದು ಕೇಳಿಕೊಂಡು ಬರಲು ಆರಂಭಿಸಿದ್ದರು. ಅಷ್ಟರಲ್ಲಿ ಕೊರೋನಾ ಬಂತು. ಫೆಬ್ರವರಿ ಕೊನೆಗೆ ಹೊರದೇಶದವರ ಉಮ್ರಾ ನಿಂತಿತು. ಮಾರ್ಚ್‌ನಲ್ಲಿ ನಮ್ಮ ಮಸೀದಿಗಳ ಬಾಗಿಲೂ ಮುಚ್ಚಿತು. ಜೂನ್ 22ರಂದು ಸೌದಿ ಸರಕಾರ ಆ ವರ್ಷ ಹೊರದೇಶಗಳಿಂದ ಯಾರಿಗೂ ಹಜ್ಜ್‌ಗೆ ಅವಕಾಶವಿಲ್ಲ ಎಂದು ಘೋಷಿಸಿತು. ಮರುದಿನವೇ ನಮ್ಮ ಕೇಂದ್ರ ಸರಕಾರ ಅರ್ಜಿದಾರರ ಹಣವನ್ನು ಪೂರ್ತಿ ವಾಪಸು ಮಾಡುವುದಾಗಿ ಹೇಳಿತು. ದೇಶದಲ್ಲಿ ಹಾಗೆ ಉಳಿದುಹೋದ ಅರ್ಜಿದಾರರು ಎರಡು ಲಕ್ಷಕ್ಕೂ ಹೆಚ್ಚು.

ಆ ವಾರ ನಾನು ಅವರ ಮನೆಗೆ ಹೋಗಿದ್ದೆ. ಆ ತಾಯಿ ಇಹ್ರಾಮಿನ ಬಿಳಿ ಬಟ್ಟೆಯನ್ನು ಮಡಚಿ ಕಪಾಟಿನಲ್ಲಿ ಇಡುತ್ತಿದ್ದರು. ಸಮಾಧಾನ ಹೇಳಬೇಕೆಂಬ ಆತುರದಲ್ಲಿ ನಾನು, "ಬೇಸರ ಮಾಡಬೇಡಿ, ಮುಂದಿನ ವರ್ಷ ಖಂಡಿತ ಹೋಗುತ್ತೀರಿ" ಎಂದುಬಿಟ್ಟೆ. ಮುಂದಿನ ವರ್ಷ, 2021ರಲ್ಲಿ, ಸೌದಿಯಲ್ಲೇ ನೆಲೆಸಿದ್ದ ಸುಮಾರು 60 ಸಾವಿರ ಮಂದಿಗೆ ಮಾತ್ರ ಅವಕಾಶ ಸಿಕ್ಕಿತು. ಆ ಮಳೆಗಾಲದಲ್ಲಿ ಆ ತಾಯಿ ತೀರಿಕೊಂಡರು. ಇನ್ನಾ ಲಿಲ್ಲಾಹಿ ವ ಇನ್ನಾ ಇಲೈಹಿ ರಾಜಿಊನ್. 2022ರಲ್ಲಿ ಹೊರದೇಶದವರಿಗೆ ದಾರಿ ತೆರೆಯಿತು, ಆದರೆ 65ರ ಒಳಗಿನವರಿಗೆ ಮಾತ್ರ. ಕಾಕನಿಗೆ ಆಗ 69.

"ಖಂಡಿತ" ಎಂದು ನಾನು ಹೇಳಿದ ಮಾತು ಇಂದಿಗೂ ನನ್ನನ್ನು ಚುಚ್ಚುತ್ತದೆ. ಅಲ್ಲಾಹನು ಹೇಳದ ಒಂದು ತಾರೀಖನ್ನು ನಾನು ಅವನ ಪರವಾಗಿ ಹೇಳಿಬಿಟ್ಟಿದ್ದೆ.

ಇದು ಯಾರಿಗೂ ಆಗಬಹುದಾದ ತಪ್ಪು. ಪ್ರವಾದಿವರ್ಯರ(ಸ) ಸಂಗಡಿಗರಿಗೇ ಇದರ ಪಾಠ ಕಲಿಯಬೇಕಾಗಿ ಬಂದಿತ್ತು. ಆ ಪಾಠದ ಹೆಸರು ಹುದೈಬಿಯಾ.

ಹಿಜರಿ 6ನೇ ವರ್ಷದ ದುಲ್ ಕಅದ್ ತಿಂಗಳು, ಅಂದರೆ ಕ್ರಿ.ಶ. 628. ಮಕ್ಕಾ ಬಿಟ್ಟು ಬಂದು ಮುಹಾಜಿರ್‌ಗಳಿಗೆ ಆರು ವರ್ಷಗಳಾಗಿದ್ದವು. ಕಅಬಾವನ್ನು ಕಣ್ಣಾರೆ ಕಾಣದೆ ಆರು ವರ್ಷ. ಆಗ ಪ್ರವಾದಿವರ್ಯರು(ಸ) ಒಂದು ಕನಸು ಕಂಡರು. ತಾವೂ ಸಂಗಡಿಗರೂ ನಿರ್ಭಯವಾಗಿ ಮಸ್ಜಿದುಲ್ ಹರಾಮನ್ನು ಪ್ರವೇಶಿಸುತ್ತಿರುವ ಕನಸು. ಪ್ರವಾದಿಗಳ ಕನಸು ಸತ್ಯ. ಸುಮಾರು 1,400 ಮಂದಿ ಸಂತೋಷದಿಂದ ಹೊರಟರು. ದುಲ್ ಹುಲೈಫಾದಲ್ಲಿ ಇಹ್ರಾಮ್ ಧರಿಸಿದರು. 70 ಒಂಟೆಗಳನ್ನು ಬಲಿಗಾಗಿ ಗುರುತು ಹಾಕಿ ಜೊತೆಗೆ ಒಯ್ದರು. ಯುದ್ಧಕ್ಕೆ ಹೊರಟ ತಯಾರಿ ಅದಾಗಿರಲಿಲ್ಲ.

ಮಕ್ಕಾಕ್ಕೆ ಇನ್ನು 20 ಕಿಲೋಮೀಟರಿಗಿಂತ ತುಸು ಹೆಚ್ಚು ದೂರ ಇರುವಾಗ, ಹೆಚ್ಚುಕಡಿಮೆ ನಮ್ಮೂರಿನಿಂದ ಉಪ್ಪಿನಂಗಡಿಗೆ ಇರುವಷ್ಟು ದೂರದಲ್ಲಿ, ಪ್ರವಾದಿವರ್ಯರ(ಸ) ಒಂಟೆ ಖಸ್ವಾ ಮಂಡಿಯೂರಿ ಕುಳಿತಿತು. ಏಳಿಸಿದರೂ ಏಳಲಿಲ್ಲ. ಒಂಟೆ ಹಟ ಹಿಡಿದಿದೆ ಎಂದು ಜನ ಮಾತಾಡಿಕೊಂಡರು. ಅದು ಒಂಟೆಯ ಹಟವಲ್ಲ, ಹಿಂದೆ ಆನೆಯನ್ನು ಮಕ್ಕಾದ ಹೊರಗೆ ತಡೆದವನೇ ಇದನ್ನೂ ತಡೆದಿದ್ದಾನೆ ಎಂದು ಪ್ರವಾದಿವರ್ಯರು(ಸ) ತಿಳಿಸಿದರು. ಸಹೋದರರೇ, ಇದನ್ನು ಗಮನಿಸಿ. ದಾರಿಗೆ ಅಡ್ಡ ನಿಂತವರು ಕುರೈಶರು ಎಂದು ಎಲ್ಲರಿಗೂ ಕಾಣುತ್ತಿತ್ತು. ಆದರೆ ಅವರ ಹಿಂದೆ ಅಲ್ಲಾಹನ ತೀರ್ಮಾನ ಇದೆ ಎಂಬುದು ಪ್ರವಾದಿವರ್ಯರಿಗೆ(ಸ) ಕಂಡಿತು.

ಮಾತುಕತೆಗೆ ಉಸ್ಮಾನ್(ರ) ಮಕ್ಕಾಕ್ಕೆ ಹೋದರು. ಅವರನ್ನು ಕೊಂದರೆಂಬ ಸುಳ್ಳು ಸುದ್ದಿ ಹಬ್ಬಿತು. ಮರದಡಿಯಲ್ಲಿ ಸಹಾಬಿಗಳೆಲ್ಲ ಪ್ರವಾದಿವರ್ಯರ(ಸ) ಕೈಹಿಡಿದು ಪ್ರತಿಜ್ಞೆ ಮಾಡಿದರು. ಕೊನೆಗೆ ಕುರೈಶರ ಪರವಾಗಿ ಸುಹೈಲ್ ಬಿನ್ ಅಮ್ರ್ ಸಂಧಾನಕ್ಕೆ ಬಂದ.

ಕಾಲೇಜಿನಲ್ಲಿ ಬಿ.ಎ.ಗೆ ಇತಿಹಾಸ ಓದುವಾಗ ನಾವು ಒಪ್ಪಂದಗಳ ಷರತ್ತುಗಳನ್ನು ಬಾಯಿಪಾಠ ಮಾಡುತ್ತಿದ್ದೆವು. ಯಾರಿಗೆ ಲಾಭ, ಯಾರಿಗೆ ನಷ್ಟ ಎಂದು ಎರಡು ಪಟ್ಟಿ ಬರೆಯಬೇಕಿತ್ತು. ಹುದೈಬಿಯಾದ ಒಪ್ಪಂದಕ್ಕೆ ಹಾಗೆ ಪಟ್ಟಿ ಮಾಡಿದರೆ ಮುಸ್ಲಿಮರ ಕಡೆಯಲ್ಲಿ ನಷ್ಟವೇ ಹೆಚ್ಚು ಕಾಣುತ್ತದೆ. ಹತ್ತು ವರ್ಷ ಯುದ್ಧವಿಲ್ಲ. ಈ ವರ್ಷ ಉಮ್ರಾ ಇಲ್ಲದೆ ಮರಳಬೇಕು, ಮುಂದಿನ ವರ್ಷ ಬಂದು ಮೂರು ದಿನ ಮಾತ್ರ ಇರಬಹುದು. ಮಕ್ಕಾದಿಂದ ಯಾರಾದರೂ ಪೋಷಕರ ಅನುಮತಿಯಿಲ್ಲದೆ ಮುಸ್ಲಿಮರ ಕಡೆಗೆ ಬಂದರೆ ವಾಪಸು ಕಳಿಸಬೇಕು, ಮದೀನಾದಿಂದ ಮಕ್ಕಾಕ್ಕೆ ಹೋದವರನ್ನು ಕುರೈಶರು ವಾಪಸು ಕೊಡಬೇಕಾಗಿಲ್ಲ. ಪತ್ರದಲ್ಲಿ "ಅಲ್ಲಾಹನ ರಸೂಲ್" ಎಂದು ಬರೆದದ್ದಕ್ಕೂ ಸುಹೈಲ್ ಒಪ್ಪಲಿಲ್ಲ, ಅದನ್ನು ಅಳಿಸಲಾಯಿತು.

ಅದೇ ಹೊತ್ತಿಗೆ ಸುಹೈಲನ ಮಗ ಅಬೂ ಜಂದಲ್(ರ) ಕಾಲಿಗೆ ಸಂಕೋಲೆ ಎಳೆದುಕೊಂಡು ಅಲ್ಲಿಗೆ ಬಂದು ತಲುಪಿದರು. ಇಸ್ಲಾಮ್ ಸ್ವೀಕರಿಸಿದ ಕಾರಣಕ್ಕೆ ತಂದೆಯೇ ಕಟ್ಟಿಹಾಕಿದ್ದ. ಒಪ್ಪಂದದಂತೆ ಅವರನ್ನು ವಾಪಸು ಕೊಡಬೇಕಾಯಿತು. ಸಹನೆ ತಂದುಕೋ, ಅಲ್ಲಾಹನು ನಿನಗೂ ನಿನ್ನಂಥವರಿಗೂ ದಾರಿ ಮಾಡಿಕೊಡುತ್ತಾನೆ ಎಂದು ಪ್ರವಾದಿವರ್ಯರು(ಸ) ಅವರಿಗೆ ಹೇಳಿದರು. ಯಾವಾಗ ಎಂದು ಹೇಳಲಿಲ್ಲ.

ಉಮರ್(ರ) ಅವರಿಗೆ ಇದನ್ನು ತಡೆಯಲಾಗಲಿಲ್ಲ. ಎದ್ದು ಹೋಗಿ ಪ್ರವಾದಿವರ್ಯರಲ್ಲಿಯೇ(ಸ) ಕೇಳಿದರು: ನಾವು ಕಅಬಾಕ್ಕೆ ಹೋಗಿ ತವಾಫ್ ಮಾಡುತ್ತೇವೆಂದು ತಾವು ಹೇಳಿರಲಿಲ್ಲವೇ? ಹೌದು ಎಂದರು ಪ್ರವಾದಿವರ್ಯರು(ಸ). ಆದರೆ ಇದೇ ವರ್ಷ ಎಂದು ಹೇಳಿದ್ದೆನೇ ಎಂದು ತಿರುಗಿ ಕೇಳಿದರು. ಇಲ್ಲ ಎಂದರು ಉಮರ್(ರ). ಹಾಗಾದರೆ ನೀವು ಅಲ್ಲಿಗೆ ಹೋಗಿಯೇ ಹೋಗುತ್ತೀರಿ, ತವಾಫ್ ಮಾಡಿಯೇ ಮಾಡುತ್ತೀರಿ ಎಂದು ಪ್ರವಾದಿವರ್ಯರು(ಸ) ಹೇಳಿದರು. ಉಮರ್(ರ) ಅಬೂಬಕ್ಕರ್(ರ) ಅವರ ಬಳಿ ಹೋಗಿಯೂ ಅದೇ ಪ್ರಶ್ನೆ ಕೇಳಿದರು, ಅದೇ ಉತ್ತರ ಸಿಕ್ಕಿತು. ಸಹೀಹುಲ್ ಬುಖಾರಿಯಲ್ಲಿ ಈ ಘಟನೆ ವಿವರವಾಗಿ ಬಂದಿದೆ.

ಇಡೀ ವಿಷಯದ ಕೀಲಿಕೈ ಇದರಲ್ಲಿದೆ. ಕನಸು ಸತ್ಯವಾಗಿತ್ತು. ವಾಗ್ದಾನವೂ ಸತ್ಯವಾಗಿತ್ತು. ಅದರಲ್ಲಿ ವರ್ಷ ಮಾತ್ರ ಇರಲಿಲ್ಲ. ವರ್ಷವನ್ನು ಸೇರಿಸಿದ್ದು ಜನರ ಮನಸ್ಸು. ಆ ವರ್ಷ ಕಳೆದಾಗ ವಾಗ್ದಾನವೇ ಮುರಿಯಿತೇನೋ ಎಂದು ನೋವಾಯಿತು. ನಮ್ಮ ನೋವುಗಳನ್ನೂ ಹೀಗೆ ಬಿಡಿಸಿ ನೋಡಬೇಕು: ಇದರಲ್ಲಿ ಅಲ್ಲಾಹನು ಹೇಳಿದ್ದೆಷ್ಟು, ನಾವು ಸೇರಿಸಿದ್ದೆಷ್ಟು? ದುಆವನ್ನು ಕೇಳುತ್ತೇನೆ ಎಂದು ಅವನು ಹೇಳಿದ್ದಾನೆ. ಮಗಳ ಮದುವೆ ಈ ಶವ್ವಾಲಿನಲ್ಲೇ ಆಗುತ್ತದೆ, ಗಲ್ಫಿಗೆ ಹೋದ ಮಗನ ಕೆಲಸ ಈ ತಿಂಗಳೇ ಗಟ್ಟಿಯಾಗುತ್ತದೆ ಎಂದು ಅವನು ಹೇಳಿಲ್ಲ. ಕಷ್ಟದ ಜೊತೆ ಸುಲಭವಿದೆ ಎಂದು ಹೇಳಿದ್ದಾನೆ. ಆ ಸುಲಭವು ನಾವು ಬರೆದುಕೊಟ್ಟ ರೂಪದಲ್ಲೇ ಬರುತ್ತದೆ ಎಂದು ಹೇಳಿಲ್ಲ.

ಆದರೆ ಹುದೈಬಿಯಾದ ಪಾಠ ಇಲ್ಲಿಗೇ ಮುಗಿಯುವುದಿಲ್ಲ. ಪತ್ರ ಬರೆದು ಮುಗಿದ ಮೇಲೆ, ಎದ್ದು ಪ್ರಾಣಿಗಳನ್ನು ಬಲಿಕೊಟ್ಟು ತಲೆ ಬೋಳಿಸಿಕೊಳ್ಳಿ ಎಂದು ಪ್ರವಾದಿವರ್ಯರು(ಸ) ಆಜ್ಞಾಪಿಸಿದರು. ಮೂರು ಸಲ ಹೇಳಿದರು. ಯಾರೂ ಏಳಲಿಲ್ಲ. ಅದು ಧಿಕ್ಕಾರವಲ್ಲ, ದುಃಖದ ಭಾರ. ಕಅಬಾ ಕಾಣದೆ, ತವಾಫ್ ಮಾಡದೆ, ಇಹ್ರಾಮ್ ಕಳಚಲು ಅವರಿಗೆ ಮನಸ್ಸಾಗಲಿಲ್ಲ. ಪ್ರವಾದಿವರ್ಯರು(ಸ) ಡೇರೆಯೊಳಗೆ ಹೋಗಿ ಪತ್ನಿ ಉಮ್ಮು ಸಲಮಾ(ರ) ಅವರೊಡನೆ ಇದನ್ನು ಹೇಳಿಕೊಂಡರು. ಯಾರೊಂದಿಗೂ ಮಾತಾಡದೆ ತಾವೇ ಹೊರಗೆ ಹೋಗಿ ತಮ್ಮ ಒಂಟೆಯನ್ನು ಬಲಿಕೊಟ್ಟು, ತಲೆ ಬೋಳಿಸಿಕೊಳ್ಳಿ ಎಂದು ಆ ತಾಯಿ ಸಲಹೆ ಕೊಟ್ಟರು. ಪ್ರವಾದಿವರ್ಯರು(ಸ) ಹಾಗೆಯೇ ಮಾಡಿದರು. ಅದನ್ನು ಕಂಡು ಎಲ್ಲರೂ ಎದ್ದರು. ಒಬ್ಬರ ತಲೆಯನ್ನೊಬ್ಬರು ಬೋಳಿಸಿದರು. ದುಃಖದಲ್ಲಿ ಕೈ ತಪ್ಪಿ ಗಾಯವಾದೀತೆಂಬಷ್ಟು ಕಳವಳ ಅವರಲ್ಲಿತ್ತು.

ಸಹನೆ ಎಂದರೆ ಏನೆಂದು ಕೇಳುವವರಿಗೆ ನಾನು ಈ ದೃಶ್ಯವನ್ನು ತೋರಿಸುತ್ತೇನೆ. ಸಹನೆಯೆಂದರೆ ನೋವಿಲ್ಲದಿರುವುದಲ್ಲ, ಅವರಿಗೆ ನೋವಿತ್ತು. ಕೈಕಟ್ಟಿ ಕೂರುವುದೂ ಅಲ್ಲ. ದೊಡ್ಡ ಬಾಗಿಲು ಮುಚ್ಚಿರುವಾಗಲೂ ಇವತ್ತಿನ ಕೆಲಸ ಯಾವುದೋ ಅದನ್ನು ಎದ್ದು ಮಾಡುವುದು. ನಮ್ಮ ಕೃಷಿಕರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಅಡಿಕೆ ಸಸಿ ನೆಟ್ಟರೆ ಫಸಲು ಕಾಣಲು ಐದಾರು ವರ್ಷ ಬೇಕು. ಆ ವರ್ಷಗಳಲ್ಲಿ ಯಾರೂ ಸಸಿಯನ್ನು ಕಿತ್ತು ಬೇರು ನೋಡುವುದಿಲ್ಲ, ತೋಟ ಬಿಟ್ಟು ಹೋಗುವುದೂ ಇಲ್ಲ. ಬೇಸಿಗೆಯಲ್ಲಿ ನೀರು ಹಾಯಿಸುತ್ತಾರೆ, ಬಿಸಿಲಿಗೆ ಮಡಲು ಕಟ್ಟುತ್ತಾರೆ, ಬುಡಕ್ಕೆ ಸೊಪ್ಪು ಹಾಕುತ್ತಾರೆ. ಫಸಲು ಕೊಡುವುದು ಅಲ್ಲಾಹನ ಕೈಯಲ್ಲಿ, ನೀರು ಹಾಯಿಸುವುದು ನಮ್ಮ ಕೈಯಲ್ಲಿ.

ಮರಳುವ ದಾರಿಯಲ್ಲಿ ಸೂರಃ ಅಲ್ ಫತಹ್ ಅವತೀರ್ಣವಾಯಿತು. ಅದರ ಮೊದಲ ಸೂಕ್ತವೇ ಇದನ್ನು ಸ್ಪಷ್ಟ ವಿಜಯವೆಂದು ಕರೆಯಿತು. ಇದು ವಿಜಯವೇ ಎಂದು ಉಮರ್(ರ) ಕೇಳಿದರು, ಹೌದು ಎಂದರು ಪ್ರವಾದಿವರ್ಯರು(ಸ). ಅದೇ ಸೂರಃದ 27ನೇ ಸೂಕ್ತವು ಆ ಕನಸು ಸತ್ಯವೆಂದು ದೃಢಪಡಿಸಿ, ನೀವು ಮಸ್ಜಿದುಲ್ ಹರಾಮನ್ನು ಪ್ರವೇಶಿಸುವಿರಿ ಎಂದು ಹೇಳುತ್ತದೆ. ಆ ಸೂಕ್ತದೊಳಗೆ "ಇನ್ ಶಾ ಅಲ್ಲಾಹ್" ಎಂಬ ಮಾತಿದೆ! ಹೇಳುತ್ತಿರುವವನು ಸ್ವತಃ ಅಲ್ಲಾಹನು, ಅವನ ಮಾತಿಗೆ ತಡೆಯಿಲ್ಲ. ಆದರೂ ನಮಗೆ ಮಾತಿನ ಶಿಸ್ತನ್ನು ಕಲಿಸಲು ಅಲ್ಲಿ ಆ ಮಾತನ್ನು ಇಟ್ಟ ಎಂದು ಅನೇಕ ಉಲಮಾಗಳು ವಿವರಿಸಿದ್ದಾರೆ. ನಾನು ಆ ಮನೆಯಲ್ಲಿ "ಖಂಡಿತ" ಎಂದಾಗ ಮರೆತದ್ದು ಇದನ್ನೇ. ನಿಮಗೆ ತಿಳಿಯದಿದ್ದುದನ್ನು ಅವನು ತಿಳಿದಿದ್ದ ಎಂಬ ಅರ್ಥದ ಮಾತೂ ಅದೇ ಸೂಕ್ತದಲ್ಲಿದೆ.

ಅವರಿಗೆ ತಿಳಿಯದಿದ್ದುದು ಏನು? ಯುದ್ಧ ನಿಂತಾಗ ಜನರು ಭಯವಿಲ್ಲದೆ ಪರಸ್ಪರ ಮಾತಾಡತೊಡಗಿದರು. ಇಸ್ಲಾಮಿನ ಸಂದೇಶ ಮನೆಮನೆಗೆ ತಲುಪಿತು. ಖಾಲಿದ್ ಬಿನ್ ವಲೀದ್(ರ), ಅಮ್ರ್ ಬಿನ್ ಆಸ್(ರ) ಅವರಂಥವರು ತಾವಾಗಿಯೇ ಮದೀನಾಕ್ಕೆ ಬಂದರು. ಹಿಜರಿ 7ರಲ್ಲಿ ಮುಸ್ಲಿಮರು ಒಪ್ಪಂದದಂತೆ ಬಂದು ಮೂರು ದಿನ ಮಕ್ಕಾದಲ್ಲಿದ್ದು ಉಮ್ರಾ ಮಾಡಿದರು. ಅಬೂ ಜಂದಲರಂಥವರು ತಪ್ಪಿಸಿಕೊಂಡು ಕಡಲ ಕರಾವಳಿಯಲ್ಲಿ ಒಟ್ಟುಗೂಡಿದಾಗ, ಅವರನ್ನು ವಾಪಸು ಕಳಿಸುವ ಷರತ್ತು ನಮಗೆ ಬೇಡ ಎಂದು ಕುರೈಶರೇ ಕೇಳಿಕೊಂಡರು. ಹಿಜರಿ 8ರ ರಮಝಾನಿನಲ್ಲಿ, ಕ್ರಿ.ಶ. 630ರ ಆರಂಭದಲ್ಲಿ, ಪ್ರವಾದಿವರ್ಯರು(ಸ) ಮಕ್ಕಾ ಪ್ರವೇಶಿಸಿದಾಗ ಜೊತೆಗಿದ್ದವರು 10,000. ಎರಡು ವರ್ಷಗಳ ಹಿಂದೆ ಇದ್ದವರು 1,400. ಪತ್ರದಿಂದ "ರಸೂಲ್" ಎಂಬ ಪದವನ್ನು ಅಳಿಸಲು ಹಟ ಹಿಡಿದಿದ್ದ ಸುಹೈಲ್ ಕೂಡ ಆಮೇಲೆ ಇಸ್ಲಾಮ್ ಸ್ವೀಕರಿಸಿ ಉತ್ತಮ ಸಹಾಬಿಯಾದರು.

ಅಂದಿನ ತನ್ನ ಮಾತಿಗಾಗಿ ಉಮರ್(ರ) ಮುಂದೆ ಎಷ್ಟೋ ಸತ್ಕರ್ಮಗಳನ್ನು ಮಾಡಿದೆನೆಂದು ಸ್ವತಃ ಹೇಳಿಕೊಂಡಿದ್ದಾರೆ. ಅವರು ಪ್ರಶ್ನೆ ಕೇಳಿದ್ದಕ್ಕೆ ಪ್ರವಾದಿವರ್ಯರು(ಸ) ಅವರನ್ನು ಗದರಿಸಲಿಲ್ಲ. ಆದ್ದರಿಂದ ಮನೆಯಲ್ಲಿ ಯಾರಾದರೂ ನೊಂದು, ಅಲ್ಲಾಹನು ಯಾಕೆ ಹೀಗೆ ಮಾಡಿದ ಎಂದು ಕೇಳಿದರೆ ಈಮಾನ್ ಹೋಯಿತೆಂದು ಬಯ್ಯಬೇಡಿ. ಕೇಳಿಸಿಕೊಳ್ಳಿ.

ಇತಿಹಾಸದಲ್ಲಿ ಮಕ್ಕಾದ ದಾರಿ ಹೀಗೆ ಕಷ್ಟವಾದದ್ದು ಇದೊಂದೇ ಸಲವಲ್ಲ. ಹಿಜರಿ 317ರಲ್ಲಿ, ಕ್ರಿ.ಶ. 930ರಲ್ಲಿ, ಖರಾಮಿತಾ ಪಂಗಡದವರು ಹಜ್ಜಿನ ದಿನಗಳಲ್ಲೇ ಮಕ್ಕಾಕ್ಕೆ ನುಗ್ಗಿ ಹಾಜಿಗಳನ್ನು ಕೊಂದು ಹಜರುಲ್ ಅಸ್ವದನ್ನು ಕಿತ್ತೊಯ್ದರು. ಅದು ತನ್ನ ಜಾಗಕ್ಕೆ ಮರಳಿದ್ದು ಹಿಜರಿ 339ರಲ್ಲಿ, ಸುಮಾರು 22 ವರ್ಷಗಳ ನಂತರ. ಆ ಅವಧಿಯಲ್ಲಿ ಕಅಬಾಕ್ಕೆ ಬಂದವರು ಕಲ್ಲಿಲ್ಲದ ಆ ಮೂಲೆಯಿಂದಲೇ ತವಾಫ್ ಆರಂಭಿಸಬೇಕಾಯಿತು. 19ನೇ ಶತಮಾನದ ಕೊನೆಯ ಭಾಗದಿಂದ ನಮ್ಮ ದೇಶದ ಹಾಜಿಗಳನ್ನು ಕಾಲರಾದ ಭಯದಿಂದ ಕೆಂಪು ಸಮುದ್ರದ ಕಮರಾನ್ ದ್ವೀಪದಲ್ಲಿ ಇಳಿಸಿ ದಿನಗಟ್ಟಲೆ ತಡೆದಿಡುತ್ತಿದ್ದರು. ನಮ್ಮ ಅಜ್ಜಂದಿರ ಕಾಲದಲ್ಲಿ ಮುಂಬಯಿಗೆ ಹೋಗಿ ಜಿದ್ದಾದ ಹಡಗು ಹತ್ತಬೇಕಿತ್ತು. ಆ ಹಡಗಿನ ಪ್ರಯಾಣ 1995ರಲ್ಲಿ ನಿಂತಿತು. ಹೊರಟವನು ತಲುಪುತ್ತಾನೆ, ತಲುಪಿದವನು ಮರಳುತ್ತಾನೆ ಎಂಬ ಖಾತರಿ ಆ ಕಾಲದಲ್ಲಿ ಇರಲಿಲ್ಲ. ಅದಕ್ಕಾಗಿಯೇ ಅವರು ಊರೆಲ್ಲ ಸುತ್ತಿ ಕ್ಷಮೆ ಕೇಳಿ ಹೊರಡುತ್ತಿದ್ದರು. ಮೂರೇ ವರ್ಷ ವಿಮಾನ ಏರಲಾಗದಿದ್ದಾಗ ನಾವು ಕಂಗೆಟ್ಟೆವು. ಯಾಕೆಂದರೆ ಟಿಕೆಟಿನ ಮೇಲೆ ಬರೆದ ತಾರೀಖು ನಮ್ಮ ಮನಸ್ಸಿನಲ್ಲಿ ಅಲ್ಲಾಹನ ಮಾತಿನಷ್ಟೇ ಗಟ್ಟಿಯಾಗಿ ಕೂತುಬಿಟ್ಟಿದೆ.

ಈಗ ಕಾಕನ ಕಥೆಗೆ ಬರುತ್ತೇನೆ. 2023ರಲ್ಲಿ ವಯಸ್ಸಿನ ನಿರ್ಬಂಧ ತೆಗೆಯಲಾಯಿತು. ಭಾರತಕ್ಕೆ 1,75,025 ಮಂದಿಯ ಕೋಟಾ ಸಿಕ್ಕಿತು. 70 ತುಂಬಿದವರಿಗೆ ಚೀಟಿ ಎತ್ತದೆಯೇ, ಒಬ್ಬ ಜೊತೆಗಾರನ ಸಮೇತ ಅವಕಾಶ ಕೊಡುವ ವಿಭಾಗವಿತ್ತು. ಕಾಕನಿಗೆ ಆಗ 70 ತುಂಬಿತ್ತು. ಹಿಂದಿನ ವರ್ಷ ಬಾಗಿಲು ಮುಚ್ಚಿದ ಅದೇ ವಯಸ್ಸು ಈ ವರ್ಷ ಬಾಗಿಲು ತೆರೆಯಿತು. ಮಗನನ್ನು ಜೊತೆಗೆ ಕರೆದುಕೊಂಡು ಬೆಂಗಳೂರಿನಿಂದ ಹೊರಟರು. ಜೂನ್ 27ರಂದು ಅರಫಾದಲ್ಲಿ ನಿಂತ 18 ಲಕ್ಷಕ್ಕೂ ಹೆಚ್ಚು ಮಂದಿಯಲ್ಲಿ ಅವರೂ ಒಬ್ಬರಾಗಿದ್ದರು. ಅಲ್‌ಹಮ್ದುಲಿಲ್ಲಾಹ್.

ಕಥೆಯನ್ನು ಇಲ್ಲಿಗೇ ನಿಲ್ಲಿಸಿದರೆ ಕೇಳಲು ಚೆನ್ನಾಗಿರುತ್ತದೆ. ಆದರೆ ಅದು ಪೂರ್ತಿ ಸತ್ಯವಾಗುವುದಿಲ್ಲ. ಮರಳಿ ಬಂದು ಝಂಝಮ್ ನೀರೂ ಖರ್ಜೂರವೂ ಕೊಟ್ಟು ಕಾಕ ನನ್ನಲ್ಲಿ ಕೇಳಿದರು: "ನನಗೇನೋ ತೆರೆಯಿತು ಉಸ್ತಾದೇ. ಅವಳಿಗೆ?"

ಈ ಸಲ ನಾನು ಅವಸರ ಮಾಡಲಿಲ್ಲ. ಹುದೈಬಿಯಾದಿಂದ ಮರಳಿದ ಎಲ್ಲರೂ ಮರುವರ್ಷ ಮಕ್ಕಾ ಕಾಣಲಿಲ್ಲ. ಆ ನಡುವೆ ಖೈಬರ್‌ನಲ್ಲಿ ಕೆಲವರು ಶಹೀದರಾದರು. ಅವರ ಪಾಲಿಗೆ ವಾಗ್ದಾನ ಸುಳ್ಳಾಯಿತೇ? ಇಲ್ಲ. ಮರದಡಿಯಲ್ಲಿ ಪ್ರತಿಜ್ಞೆ ಮಾಡಿದ ಸತ್ಯವಿಶ್ವಾಸಿಗಳ ಬಗ್ಗೆ ತಾನು ಸಂತೃಪ್ತನಾದೆನೆಂದು ಅಲ್ಲಾಹನು ಅದೇ ಸೂರಃದಲ್ಲಿ ಸಾರಿದ್ದಾನೆ. ಆ ಸಂತೃಪ್ತಿಯಲ್ಲಿ ಕಅಬಾ ಕಂಡವರೂ ಇದ್ದಾರೆ, ಕಾಣದವರೂ ಇದ್ದಾರೆ. ತಬೂಕ್‌ನಿಂದ ಮರಳುವಾಗ ಪ್ರವಾದಿವರ್ಯರು(ಸ), ಮದೀನಾದಲ್ಲೇ ಉಳಿದ ಕೆಲವರು ನೀವು ದಾಟಿದ ಪ್ರತಿ ಕಣಿವೆಯ ಪ್ರತಿಫಲದಲ್ಲೂ ಪಾಲುದಾರರು, ಅವರನ್ನು ತಡೆದದ್ದು ಅಡಚಣೆ ಮಾತ್ರ ಎಂದು ತಿಳಿಸಿದ್ದರು. ಇಹ್ರಾಮಿನ ಬಟ್ಟೆ ಮಡಚಿಟ್ಟ ಆ ತಾಯಿಯ ಸಂಕಲ್ಪವನ್ನು ಅಲ್ಲಾಹನು ಕಂಡಿದ್ದಾನೆ. ದಾರಿ ಮುಚ್ಚಿದ್ದುದರಲ್ಲಿ ಅವರ ತಪ್ಪೇನೂ ಇರಲಿಲ್ಲ.

ಇನ್ನೊಂದು ಮಾತನ್ನೂ ಕಾಕನಿಗೆ ಹೇಳಿದೆ. ತೀರಿಹೋದ ತಾಯಿಯ ಹಜ್ಜ್ ಕುರಿತು ಕೇಳಿದ ಒಬ್ಬ ಮಹಿಳೆಗೆ ಪ್ರವಾದಿವರ್ಯರು(ಸ), ಸಾಲ ತೀರಿಸುವಂತೆ ಅದನ್ನೂ ನೆರವೇರಿಸು ಎಂದು ತಿಳಿಸಿದ್ದಾರೆ. ತನ್ನ ಹಜ್ಜ್ ಮಾಡಿದವನು ಮಾತ್ರ ಇನ್ನೊಬ್ಬರ ಪರವಾಗಿ ಹಜ್ಜ್ ಮಾಡಬಹುದು. ತಂದೆಯ ಜೊತೆಗಾರನಾಗಿ ಹೋದ ಮಗನಿಗೆ ಈಗ ಆ ಅರ್ಹತೆ ಬಂದಿದೆ. ಮೂರು ವರ್ಷ ತಡವಾದದ್ದು ಇದಕ್ಕಾಗಿಯೇ ಎಂದು ನಾನು ಹೇಳುವುದಿಲ್ಲ. ಅದು ಅಲ್ಲಾಹನ ಜ್ಞಾನ, ಅದರಲ್ಲಿ ಕೈಹಾಕುವ ಹಕ್ಕು ಉಸ್ತಾದರಿಗೂ ಇಲ್ಲ. ಇವತ್ತು ಮಾಡಬಹುದಾದ ಕೆಲಸ ಒಂದಿದೆ ಎಂದು ಮಾತ್ರ ಹೇಳಿದೆ. ಮಗ ಈಗ ತಾಯಿಯ ಹೆಸರಿನಲ್ಲಿ ಹಣ ಕೂಡಿಡುತ್ತಿದ್ದಾನೆ. ಯಾವ ವರ್ಷ ಹೋಗುತ್ತೀ ಎಂದು ನಾನು ಕೇಳಿಲ್ಲ.

ಸಹೋದರ ಸಹೋದರಿಯರೇ, ನಿಮ್ಮ ಮನೆಯಲ್ಲೂ ತಡವಾಗುತ್ತಿರುವ ಏನಾದರೂ ಇರಬಹುದು. ಬಾರದ ಸಂಬಂಧ, ಆಗದ ಮಗು, ತೀರದ ಸಾಲ, ವಾಸಿಯಾಗದ ಕಾಯಿಲೆ. ಅದನ್ನು ಅಲ್ಲಾಹನಲ್ಲಿ ಕೇಳುತ್ತಲೇ ಇರಿ, ಕೇಳುವುದನ್ನು ಬಿಡಬೇಡಿ. ದಿನಾಂಕ ಹಾಕುವುದನ್ನು ಮಾತ್ರ ಬಿಡಿ. ಬಾಗಿಲು ಮುಚ್ಚಿದ ದಿನವೂ ಐದು ಹೊತ್ತಿನ ನಮಾಝ್ ಇದೆ, ಮಕ್ಕಳ ಹೊಟ್ಟೆ ಇದೆ, ನೆರೆಮನೆಯವರ ಹಕ್ಕು ಇದೆ, ವೈದ್ಯರು ಕೊಟ್ಟ ಮದ್ದು ಇದೆ. ಅವನ್ನು ಮಾಡುತ್ತಾ ಕಾಯೋಣ. ಹುದೈಬಿಯಾದಲ್ಲಿ ಅಳುತ್ತಲೇ ತಲೆ ಬೋಳಿಸಿಕೊಂಡವರು ಹಾಗೆಯೇ ಕಾದರು.

ನಮ್ಮ ದುಃಖಗಳಲ್ಲಿ ಅಲ್ಲಾಹನು ನಮಗೆ ಸಹನೆ ಕೊಡಲಿ, ಅವನ ತೀರ್ಮಾನದಲ್ಲಿ ಸಂತೃಪ್ತಿ ಕೊಡಲಿ. ಅವನ ಭವನವನ್ನು ಕಾಣಲು ಹಂಬಲಿಸಿ, ಕಾಣದೆ ಮರಳಿದ ನಮ್ಮ ತಂದೆ ತಾಯಂದಿರಿಗೆ ಪೂರ್ಣ ಪ್ರತಿಫಲ ನೀಡಲಿ. ಆಮೀನ್.